ಬೇಕೆಂದೇ ಇಟ್ಟ ತಪ್ಪಕ್ಷರ

ಪರೀಕ್ಷೆಯ ಕಾಗದಪಟ್ಟಿಯನ್ನು ಕಾಣದ ಮನೆ ಈಗ ವಿರಳ. ಗರ್ಭವನ್ನು ತಿಳಿಯುವುದಕ್ಕೆ ಅದು ಬಹುಕಾಲದಿಂದ ಬಳಕೆಯಲ್ಲಿದೆ; ಕೋವಿಡ್ ಮಹಾಮಾರಿಯ ಕಾಲದಲ್ಲಿ ಮೂಗಿನ ದ್ರವವನ್ನು ಪರೀಕ್ಷಿಸುವುದಕ್ಕೂ ಬಂದಿತು. ಇವೆರಡೂ ಹುಡುಕುವುದು ಯಾವುದಾದರೊಂದು ಸಸಾರಜನಕವನ್ನು. ಆದರೆ ವಂಶಲಿಪಿಯನ್ನೇ, ಎಂದರೆ ಜೀವಕೋಶದೊಳಗಿನ ಡಿ.ಎನ್.ಎ. ಎಂಬ ಬರಹವನ್ನೇ, ಓದಬಲ್ಲ ಪಟ್ಟಿಗಳೂ ಈಗ ಸಿದ್ಧವಾಗಿವೆ. ಅವುಗಳ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು, ಆ ನಂಬಿಕೆಯನ್ನು ಬಲಪಡಿಸಲು ವಿಜ್ಞಾನಿಗಳು ಏನು ಮಾಡಿದ್ದಾರೆ ಎಂಬುದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಒಂದಕ್ಷರ ತಪ್ಪಿದರೆ ಏನಾದೀತು ಎಂದು ಕೇಳುವವರಿಗೆ ನಮ್ಮ ಹಿರಿಯರು ತ್ವಷ್ಟೃವಿನ ಕಥೆಯನ್ನು ಹೇಳುತ್ತಿದ್ದರು. ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ಹೋಮಮಾಡಿದ ಅವನು 'ಇಂದ್ರಶತ್ರು' ಎಂಬ ಪದದ ಸ್ವರವನ್ನು ತಪ್ಪಿ ಉಚ್ಚರಿಸಿದನಂತೆ. ತತ್ಪುರುಷವಾಗಬೇಕಾದ ಸಮಾಸವು ಬಹುವ್ರೀಹಿಯಾಗಿ, ಕೊಲ್ಲಬೇಕಾದ ವೃತ್ರನು ತಾನೇ ಇಂದ್ರನಿಂದ ಹತನಾದನು. ವಂಶಲಿಪಿಯಲ್ಲಿಯೂ ಹೀಗೆಯೇ. ಅದರ ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ. ಹಿಮೋಗ್ಲೋಬಿನ್ನನ್ನು ಕಟ್ಟುವ ಪಾಠದಲ್ಲಿ 'ಜಿ-ಎ-ಜಿ' ಎಂದಿರಬೇಕಾದ ಒಂದೆಡೆ 'ಜಿ-ಟಿ-ಜಿ' ಎಂದಾದರೆ, ಗುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ. ತಂದೆತಾಯಿಗಳಿಬ್ಬರಿಂದಲೂ ಈ ತಪ್ಪುಪಾಠವೇ ಬಂದ ಮಗುವಿಗೆ ಸಿಕಲ್ ಸೆಲ್ ರೋಗ ಬರುತ್ತದೆ. ಒಬ್ಬರಿಂದ ಮಾತ್ರ ಪಡೆದವರು ಸಾಮಾನ್ಯವಾಗಿ ಆರೋಗ್ಯದಿಂದಲೇ ಇದ್ದು, ಅರಿಯದೆ ಅದನ್ನು ಹೊತ್ತಿರುತ್ತಾರೆ. ಅಂತಹ ಇಬ್ಬರು ದಂಪತಿಗಳಾದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲೊಂದು ಪಾಲು ರೋಗದ ಸಂಭವವುಂಟು. ಭಾರತ ಸರ್ಕಾರವು 2023ರ ಜುಲೈ 1ರಂದು ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನ ಕಾರ್ಯಕ್ಕೆ ಸೇರಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದಕಾರಣ ಈ ಒಂದಕ್ಷರದ ವಿಚಾರ ನಮಗೆ ದೂರದ್ದೇನಲ್ಲ.

ದಿಲ್ಲಿಯ ಐ.ಜಿ.ಐ.ಬಿ. ಎಂಬ ಸಂಶೋಧನಾಲಯದಲ್ಲಿ ದೇಬಜ್ಯೋತಿ ಚಕ್ರವರ್ತಿ, ಸೌವಿಕ್ ಮೈತಿ ಎಂಬ ವಿಜ್ಞಾನಿಗಳು ಈ ರೋಗದ ಬೆನ್ನು ಹತ್ತಿದ್ದಾಗಲೇ ಕೋವಿಡ್ ಬಂದಿತು. ಕೈಯಲ್ಲಿದ್ದ ಉಪಾಯವನ್ನೇ ಅದರ ಕಡೆಗೆ ತಿರುಗಿಸಿ ಅವರು 'ಫೆಲುದಾ' ಎಂಬ ಪರೀಕ್ಷೆಯನ್ನು ನಿರ್ಮಿಸಿದರು. ಸತ್ಯಜಿತ್ ರಾಯರ ಕಥೆಗಳ ಪತ್ತೇದಾರನ ಹೆಸರದು. ಬಂಗಾಳಿಗಳಿಗೆ ಅವನು ಮನೆಯವನಂತೆ. 2020ರ ಸೆಪ್ಟೆಂಬರಿನಲ್ಲಿ ಅದಕ್ಕೆ ಸರ್ಕಾರದ ಒಪ್ಪಿಗೆ ದೊರೆಯಿತು.

ಅದು ನಡೆಯುವ ರೀತಿ ಹೀಗೆ. ಮೊದಲು ಲಿಪಿಯ ಬೇಕಾದ ಭಾಗವನ್ನು ಯಂತ್ರದಲ್ಲಿ ಅಸಂಖ್ಯ ಪ್ರತಿಗಳಾಗಿ ಬೆಳೆಸಿ, ಪ್ರತಿಯೊಂದಕ್ಕೂ ಬಯೋಟಿನ್ ಎಂಬ ಕೊಂಡಿಯನ್ನು ಹಾಕುತ್ತಾರೆ. ಬಳಿಕ ಕ್ಯಾಸ್-9 ಎಂಬ ಸಸಾರಜನಕವನ್ನು ಅದರೊಳಗೆ ಬಿಡುತ್ತಾರೆ. ಹುಡುಕಬೇಕಾದ ಪಾಠವನ್ನು ಬರೆದ ಚೀಟಿಯೊಂದು ಅದರ ಜೊತೆಗಿರುತ್ತದೆ. ಶಾಸ್ತ್ರದಲ್ಲಿ ಅದಕ್ಕೆ ಮಾರ್ಗದರ್ಶಿ ಆರ್.ಎನ್.ಎ. ಎಂದು ಹೆಸರು. ಚೀಟಿಗೆ ಒಪ್ಪುವ ಪಾಠ ಎದುರಾದರೆ ಕ್ಯಾಸ್-9 ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಪಟ್ಟಿಯ ಗೆರೆಯಲ್ಲಿ ಕೊಂಡಿ ಸಿಕ್ಕಿಕೊಳ್ಳುತ್ತದೆ. ಚೀಟಿಯ ಗುರುತಿಗೆ ಚಿನ್ನದ ಅತಿಸೂಕ್ಷ್ಮ ಕಣಗಳು ಅಂಟುತ್ತವೆ. ಅವು ಗುಂಪುಗೂಡಿದೆಡೆ ಗೆರೆ ಕೆಂಪಾಗಿ ಕಾಣುತ್ತದೆ. ಚಿನ್ನವು ಅಷ್ಟು ಸಣ್ಣದಾದಾಗ ಹಳದಿಯಲ್ಲ, ಕೆಂಪು!

ತೊಡಕು ಇರುವುದು ಆ 'ಒಪ್ಪುವ' ಎಂಬ ಮಾತಿನಲ್ಲಿ. ಸಾಮಾನ್ಯವಾಗಿ ಬಳಸುವ ಕ್ಯಾಸ್-9 ಉದಾರ ಸ್ವಭಾವದ್ದು; ಒಂದೆರಡು ಅಕ್ಷರ ಹೊಂದದಿದ್ದರೂ ಒಪ್ಪಿಬಿಡುವುದುಂಟು. ಆದುದರಿಂದ ಇವರು ಫ್ರಾನ್ಸಿಸೆಲ್ಲಾ ನೊವಿಸಿಡಾ ಎಂಬ ಬ್ಯಾಕ್ಟೀರಿಯದಲ್ಲಿ ಸಿಕ್ಕುವ, ಇನ್ನೂ ನಿಷ್ಠುರವಾದ ಕ್ಯಾಸ್-9 ಅನ್ನು ಆರಿಸಿಕೊಂಡರು. ಇದೂ ಒಂದು ತಪ್ಪನ್ನು ಸಹಿಸಬಹುದು. ಆದರೆ ಗೊತ್ತಾದ ಎರಡು ಸ್ಥಾನಗಳಲ್ಲಿ ಎರಡು ತಪ್ಪುಗಳಿದ್ದರೆ ಸರ್ವಥಾ ಸಹಿಸದು. ಆಗ ಅವರು ಮಾಡಿದ್ದೇನೆಂದರೆ, ಚೀಟಿಯಲ್ಲಿಯೇ ಬೇಕೆಂದು ಒಂದು ತಪ್ಪಕ್ಷರವನ್ನು ಬರೆದಿಟ್ಟರು. ರೋಗದ ಪಾಠ ಎದುರಾದಾಗ ವ್ಯತ್ಯಾಸ ಅದೊಂದೇ, ಕ್ಯಾಸ್-9 ಹಿಡಿಯುತ್ತದೆ. ಆರೋಗ್ಯದ ಪಾಠ ಎದುರಾದಾಗ ಇಟ್ಟ ತಪ್ಪು ಒಂದು, ಸಹಜವಾದ ವ್ಯತ್ಯಾಸ ಒಂದು, ಒಟ್ಟು ಎರಡು, ಕೈಬಿಡುತ್ತದೆ. ತಪ್ಪನ್ನು ತಿದ್ದುವುದರಲ್ಲಿಯೇ ಆಯುಷ್ಯವನ್ನು ಕಳೆದ ನಮಗೆ, ತಪ್ಪನ್ನು ಇಟ್ಟು ಸರಿಯನ್ನು ಕಾಣುವ ಈ ಜಾಣ್ಮೆ ಬಹಳ ಹಿಡಿಸಿತು. ಇದೇ ತಂಡದವರು 2021ರಲ್ಲಿ ಕೋವಿಡ್ಡಿನ ರೂಪಾಂತರಗಳನ್ನು ಬೇರ್ಪಡಿಸಿ ಗುರುತಿಸುವ 'ರೇ' ಎಂಬ ಪಟ್ಟಿಯ ಪರೀಕ್ಷೆಯನ್ನೂ ಪ್ರಕಟಿಸಿದರು.

ಚೀಟಿ ಸರಿಯಾದರೂ ಕೈ ತಪ್ಪಬಹುದು. ಪ್ರತಿಗಳನ್ನು ಬೆಳೆಸಿದ ಕೊಳವೆಯನ್ನು ತೆರೆದಾಗ ಸಿಡಿದ ಕಣ್ಣಿಗೆ ಕಾಣದ ಹನಿಯೊಂದು ಪಕ್ಕದ ಕೊಳವೆಗೆ ಬಿದ್ದರೆ, ಹಾಲಿಗೆ ಬಿದ್ದ ಹೆಪ್ಪಿನಂತೆ ಅದೂ ಕೆಡುತ್ತದೆ. ಇದಕ್ಕಾಗಿ ಎರಡು ಕೆಲಸಗಳಿಗೆ ಎರಡು ಕೋಣೆಗಳನ್ನಿಡುತ್ತಾರೆ. ರೋಗಿಯದೇನೂ ಇಲ್ಲದ ಬರಿಯ ನೀರಿನ ಕೊಳವೆಯೊಂದನ್ನೂ ಜೊತೆಗೆ ಪರೀಕ್ಷಿಸುತ್ತಾರೆ. ಇನ್ನು ಕಣ್ಣಿನ ತಪ್ಪು. ಮಸುಕಾದ ಗೆರೆ ಒಬ್ಬರಿಗೆ ಕಂಡರೆ ಇನ್ನೊಬ್ಬರಿಗೆ ಕಾಣದು. ಫೆಲುದಾದ ಕರ್ತರು ಗೆರೆಯ ಬಣ್ಣವನ್ನು ಅಳೆದು ಹೇಳುವ 'ಟಾಪ್ಸಿ' ಎಂಬ ಸಾಧನವನ್ನು ಮೊಬೈಲ್ ಫೋನಿಗೆ ಅಳವಡಿಸಿದ್ದು ಇದಕ್ಕಾಗಿಯೇ. ಟಾಪ್ಸಿಯು ಆ ಪತ್ತೇದಾರನ ಸಹಾಯಕ ಹುಡುಗ ತೊಪ್ಸೆಯ ಹೆಸರನ್ನೇ ನೆನಪಿಸುತ್ತದೆ.

ಇಷ್ಟಾದಮೇಲೂ ಲೆಕ್ಕವೊಂದುಂಟು. ಫೆಲುದಾಕ್ಕೆ ಒಪ್ಪಿಗೆ ಬಂದಾಗ, ರೋಗವುಳ್ಳ ನೂರು ಜನರಲ್ಲಿ 96 ಮಂದಿಯನ್ನು ಅದು ಹಿಡಿಯುವುದೆಂದೂ, ರೋಗವಿಲ್ಲದ ನೂರರಲ್ಲಿ 98 ಮಂದಿಯನ್ನು ಸರಿಯಾಗಿ ಬಿಡುವುದೆಂದೂ ಪ್ರಕಟಿಸಿದ್ದರು. ಕೇಳುವುದಕ್ಕೆ ಇದು ಬಹಳ ಉತ್ತಮ. ಆದರೆ ಸಾವಿರ ಜನರಲ್ಲಿ ಹತ್ತೇ ಮಂದಿಗೆ ರೋಗವಿರುವ ಊರಿನಲ್ಲಿ ಎಲ್ಲರನ್ನೂ ಪರೀಕ್ಷಿಸಿದರೆ, ನಿಜವಾದ ಗೆರೆ ಸುಮಾರು ಹತ್ತು, ಸುಳ್ಳು ಗೆರೆ ಸುಮಾರು ಇಪ್ಪತ್ತು! ಅದೇ ಸಾವಿರದಲ್ಲಿ ಮುನ್ನೂರು ಮಂದಿ ರೋಗಿಗಳಿದ್ದರೆ ನಿಜವಾದ ಗೆರೆ 288, ಸುಳ್ಳು ಹದಿನಾಲ್ಕು. ಪಟ್ಟಿ ಅದೇ, ಊರು ಬೇರೆ. ಆದಕಾರಣ ರೋಗಲಕ್ಷಣವಿಲ್ಲದವರ ಪಟ್ಟಿಯಲ್ಲಿ ಗೆರೆ ಮೂಡಿದೊಡನೆ ಮನೆಮಂದಿ ಕಂಗೆಡದೆ, ಬೇರೊಂದು ವಿಧದ ಪರೀಕ್ಷೆಯಿಂದ ಅದನ್ನು ದೃಢಪಡಿಸಿಕೊಳ್ಳಬೇಕು. ಮದುವೆಯ ಮಾತುಕತೆಯನ್ನು ಕಾಗದದ ಒಂದು ಗೆರೆಯ ಮೇಲೆ ಮುರಿಯುವುದಂತೂ ಕೂಡದು.

ಪಟ್ಟಿಯ ಮೇಲೆ ಇನ್ನೊಂದು ಗೆರೆಯುಂಟು, ಕಾವಲಿನದು. ರೋಗವಿರಲಿ ಇಲ್ಲದಿರಲಿ ಅದು ಮೂಡಲೇಬೇಕು. ಅದು ಮೂಡದೆಹೋದರೆ ಉತ್ತರವು 'ಇಲ್ಲ' ಎಂದಲ್ಲ. ಆ ಪಟ್ಟಿಯನ್ನು ಬಿಸುಟು ಹೊಸದರಲ್ಲಿ ಮತ್ತೆ ಪರೀಕ್ಷಿಸತಕ್ಕದ್ದು.