ಬಸ್ ಹತ್ತುವ ಹೆಂಗಸರೇಕೆ ನೀರು ಕುಡಿಯುವುದಿಲ್ಲ?

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಐವತ್ತರ ಆಸುಪಾಸಿನ ಗೃಹಿಣಿಯೊಬ್ಬರು ಚಳಿಜ್ವರದಿಂದ ನಡುಗುತ್ತ ನನ್ನ ಚಿಕಿತ್ಸಾಲಯಕ್ಕೆ ಬಂದರು. ಉರಿಮೂತ್ರ, ವಾಂತಿ, ಸೊಂಟದ ಮೇಲ್ಭಾಗದಲ್ಲಿ ತಡೆಯಲಾರದ ನೋವು. ಜೊತೆಗೆ ಹಳೆಯ ಸಕ್ಕರೆ ಕಾಯಿಲೆ. ಓಣಿಯ ಹೆಂಗಸರೊಡನೆ ಬಸ್ಸಿನಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ ನೋಡಿಕೊಂಡು ಎರಡು ದಿನದ ಹಿಂದಷ್ಟೇ ಮರಳಿದ್ದರು.

"ದಾರಿಯಲ್ಲಿ ನೀರು ಕುಡಿದಿರೇನಮ್ಮಾ?" ಎಂದು ಕೇಳಿದೆ.

"ಕುಡಿದ್ರೆ ಇಳೀಬೇಕಲ್ಲ ಡಾಕ್ಟ್ರೇ, ಎಲ್ಲಿ ಇಳಿಯೋದು?" ಎಂದರು.

ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಐದು ದಿನ ಆಸ್ಪತ್ರೆಯಲ್ಲಿದ್ದು ಗುಣಮುಖರಾದರು. ಅವರ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮದು ಉಷ್ಣವಲಯದ ನಾಡು. ಬೇಸಿಗೆಯಲ್ಲಿ ಸಾಮಾನ್ಯ ಬಸ್ಸಿನ ಕಿಟಕಿಯಿಂದ ಬರುವುದು ಬಿಸಿಗಾಳಿ. ಬೆವರಿನಲ್ಲಿ ನೀರು ಹೋಗುತ್ತಲೇ ಇರುತ್ತದೆ. ನೀರು ಕುಡಿಯದಿದ್ದರೆ ಮೂತ್ರ ಕಡಿಮೆಯಾಗಿ ಗಟ್ಟಿಯಾಗುತ್ತದೆ. ಮೂತ್ರದ ಹರಿವು ಒಳಹೊಕ್ಕ ರೋಗಾಣುಗಳನ್ನು ಆಗಾಗ ತೊಳೆದು ಹೊರಹಾಕುವ ಏರ್ಪಾಡು. ಗಂಟೆಗಟ್ಟಲೆ ತಡೆದರೆ ಅವು ಒಳಗೇ ಬೆಳೆಯುತ್ತವೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಮಾತ್ರ, ಗಂಡಸರದು 20ರ ಹತ್ತಿರ. ಆದ್ದರಿಂದ ಹೆಂಗಸರಿಗೇ ಈ ಸೋಂಕು ಹೆಚ್ಚು. ಗರ್ಭಿಣಿಯರಲ್ಲಿ ಇದು ಅವಧಿಪೂರ್ವ ಹೆರಿಗೆಗೂ ಕಾರಣವಾಗಬಹುದು.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ತವರಿಗೆ, ಕೆಲಸಕ್ಕೆ, ಕ್ಷೇತ್ರಗಳಿಗೆ ಹೋಗಲು ಗಂಡನ ಜೇಬು ನೋಡಬೇಕಿಲ್ಲ. ಇದು ಸಂತೋಷದ ಮಾತೇ. ಆದರೆ ಟಿಕೆಟ್ ಉಚಿತವಾದರೆ ಸಾಲದು. ಬಸ್ ನಿಂತಲ್ಲೆಲ್ಲ ಗಂಡಸರು ಗೋಡೆ, ಮರದ ಮರೆ ಹುಡುಕಿ ಹಗುರಾಗುತ್ತಾರೆ. ಹೆಂಗಸರು ಸೀಟಿನಲ್ಲೇ ಕುಳಿತಿರುತ್ತಾರೆ. ಹಲವು ನಿಲ್ದಾಣಗಳ ಶೌಚಾಲಯದಲ್ಲಿ ನೀರಿದ್ದರೆ ಚಿಲಕವಿಲ್ಲ, ಚಿಲಕವಿದ್ದರೆ ಬೆಳಕಿಲ್ಲ. ಬಾಗಿಲಲ್ಲಿ ಚಿಲ್ಲರೆ ಕೇಳುವವನು ಮಾತ್ರ ತಪ್ಪದೆ ಇರುತ್ತಾನೆ.

ಇಷ್ಟು ವರ್ಷ ನಾನೂ "ಧಾರಾಳವಾಗಿ ನೀರು ಕುಡಿಯಿರಿ" ಎಂದು ಚೀಟಿ ಬರೆದು ಕಳಿಸುತ್ತಿದ್ದೆ. ಹೋಗಲು ಜಾಗವಿಲ್ಲದವರಿಗೆ ಅದು ಅರ್ಧ ಸಲಹೆ. ದೂರದ ಬಸ್ಸು ಮೂರು ಗಂಟೆಗೊಮ್ಮೆಯಾದರೂ ನೀರು, ಬೆಳಕು, ಭದ್ರವಾದ ಬಾಗಿಲುಳ್ಳ ಶೌಚಾಲಯವಿರುವಲ್ಲಿ ಹತ್ತು ನಿಮಿಷ ನಿಲ್ಲಬೇಕು. ಹೆಂಗಸರಿಂದ ಅಲ್ಲಿ ಕಾಸು ಕೇಳಬಾರದು. ಇದು ಸೌಲಭ್ಯವಲ್ಲ, ರೋಗ ತಡೆಯುವ ಕ್ರಮ. ಲಸಿಕೆ ಹಾಕುವಷ್ಟೇ ಮುಖ್ಯ.

ಅಲ್ಲಿಯವರೆಗೆ ನೀವು ಇಷ್ಟು ಮಾಡಿ. ಹೊರಡುವ ಮುನ್ನ ಮೂತ್ರವಿಸರ್ಜನೆ ಮಾಡಿಯೇ ಬಸ್ ಹತ್ತಿ. ಕುದಿಸಿ ಆರಿಸಿದ ನೀರು ಜೊತೆಗಿರಲಿ; ಒಮ್ಮೆಲೇ ಗಟಗಟನೆ ಕುಡಿಯದೆ ಆಗಾಗ ಗುಟುಕರಿಸಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರಿನ ಮಿತಿ ಹೇಳಿಸಿಕೊಂಡವರು ಆ ಮಿತಿ ಪಾಲಿಸಿ. ಬಿಪಿ ಮಾತ್ರೆಯಿಂದ ಮೂತ್ರ ಹೆಚ್ಚಾಗುತ್ತದೆಂದು ಪ್ರಯಾಣದ ದಿನ ನೀವಾಗಿಯೇ ಅದನ್ನು ಬಿಡಬೇಡಿ, ವೈದ್ಯರನ್ನು ಕೇಳಿ. ಹತ್ತುವಾಗಲೇ ಕಂಡಕ್ಟರಿಗೆ, "ದಾರೀಲಿ ಒಂದು ಕಡೆ ನಿಲ್ಲಿಸಬೇಕಪ್ಪ" ಎಂದು ಹೇಳಿಡಿ. ಒಬ್ಬರು ಬಾಯಿಬಿಟ್ಟರೆ ಇನ್ನೂ ಹತ್ತು ಜನ ಇಳಿಯುತ್ತಾರೆ. ಮರಳಿದ ಮೇಲೆ ಉರಿಮೂತ್ರ ಕಂಡರೆ ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗಿ ಸುಮ್ಮನಾಗಬೇಡಿ. ಚಳಿಜ್ವರ, ಬೆನ್ನುನೋವು ಸೇರಿದರಂತೂ ಅಂದೇ ವೈದ್ಯರನ್ನು ಕಾಣಿ.

ಗಂಡಸರಿಗೂ ಒಂದು ಮಾತು. ಮುಂದಿನ ಸಲ ಬಸ್ ನಿಂತಾಗ ನೀವೊಬ್ಬರೇ ಇಳಿದು ಹೋಗಬೇಡಿ. ಪಕ್ಕದಲ್ಲಿರುವ ತಾಯಿಯನ್ನೋ ಹೆಂಡತಿಯನ್ನೋ ಒಮ್ಮೆ ಕೇಳಿ.