ವೃದ್ಧಾಪ್ಯದಲ್ಲಿ ಪರದೇಶವಾಸ: ಆರೋಗ್ಯದ ದೃಷ್ಟಿಯಿಂದ ಒಂದು ಚಿಂತನೆ

ಬಾಲ್ಯದಂತೆ ವೃದ್ಧಾಪ್ಯವೂ ಪರಾವಲಂಬನೆಯ ಕಾಲ. ಬಾಲ್ಯದಲ್ಲಿ ನಾವು ಎಲ್ಲಿರಬೇಕೆಂಬುದನ್ನು ಹೆತ್ತವರು ನಿರ್ಧರಿಸುತ್ತಾರೆ. ವೃದ್ಧಾಪ್ಯದ ನೆಲೆಯನ್ನಾದರೋ ಕೈಕಾಲುಗಳು ಗಟ್ಟಿಯಾಗಿರುವಾಗಲೇ ನಾವೇ ನಿರ್ಧರಿಸಬೇಕಾಗುತ್ತದೆ. ಗಟ್ಟಿಮುಟ್ಟಾದ ಅರುವತ್ತರ ವಯಸ್ಸಿನಲ್ಲಿ ಆರಿಸಿಕೊಂಡ ಊರು ಎಂಬತ್ತರ ದುರ್ಬಲ ದೇಹಕ್ಕೂ ಒದಗೀತೇ ಎಂಬುದು ಗಂಭೀರವಾದ ಆರೋಗ್ಯದ ಪ್ರಶ್ನೆ.

ಯುರೋಪು, ಅಮೆರಿಕ, ಆಸ್ಟ್ರೇಲಿಯಗಳಿಂದ ಬಹುಸಂಖ್ಯೆಯ ನಿವೃತ್ತರು ಆಗ್ನೇಯ ಏಷ್ಯಾದ ಉಷ್ಣವಲಯದ ದೇಶಗಳಿಗೆ ಹೋಗಿ ನೆಲೆಸುತ್ತಿದ್ದಾರೆ. ಅವುಗಳಲ್ಲಿ ಥಾಯ್ಲೆಂಡ್ ಪ್ರಮುಖವಾದುದು. ಐವತ್ತು ವರ್ಷ ತುಂಬಿದವರು ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿಯನ್ನೋ ತಿಂಗಳಿಗೆ 65,000 ಬಾತ್ ಆದಾಯವನ್ನೋ ತೋರಿಸಿದರೆ ಒಂದು ವರ್ಷದ ವಾಸಕ್ಕೆ ಅನುಮತಿ ದೊರೆಯುತ್ತದೆ. ಅದನ್ನು ಪ್ರತಿ ವರ್ಷ ನವೀಕರಿಸಿಕೊಳ್ಳಬೇಕು. ಸಿಂಗಪುರ, ಮಲೇಷ್ಯಾಗಳಲ್ಲಿ ಮಕ್ಕಳು ಉದ್ಯೋಗದಲ್ಲಿರುವ ಕನ್ನಡಿಗರ ಮನೆಗಳಲ್ಲಿಯೂ ಇಂತಹ ವಿಚಾರ ಸುಳಿಯುವುದು ಸಹಜ. ಆದುದರಿಂದ ಇದರ ಗುಣದೋಷಗಳನ್ನು ಶಾಂತಚಿತ್ತದಿಂದ ನೋಡುವುದು ಉಚಿತ.

ಮೊದಲು ಗುಣವನ್ನು ಹೇಳಬೇಕು. ಹಿಮ ಬೀಳುವ ದೇಶಗಳ ವೃದ್ಧರಿಗೆ ಚಳಿಗಾಲವು ನಿಜವಾಗಿಯೂ ಅಪಾಯಕಾರಿ. ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಸೊಂಟದ ಮೂಳೆ ಮುರಿಯುವುದು, ಶ್ವಾಸಕೋಶದ ಸೋಂಕು, ತಿಂಗಳುಗಟ್ಟಲೆ ಮನೆಯೊಳಗಿನ ಬಂಧನ ಇವೆಲ್ಲವುಗಳಿಂದ ಬಿಸಿಲಿನ ನಾಡು ಬಿಡುಗಡೆ ನೀಡುತ್ತದೆ. ಬ್ಯಾಂಕಾಕಿನ ದೊಡ್ಡ ಆಸ್ಪತ್ರೆಗಳು ಅಂತರರಾಷ್ಟ್ರೀಯ ಮಟ್ಟದವು. ಹಿರಿಯರಿಗೆ ಕೈಮುಗಿದು ತಲೆಬಾಗುವ ಸಂಸ್ಕಾರವು ಅಲ್ಲಿನ ಜನರಲ್ಲಿ ಇಂದಿಗೂ ಜೀವಂತವಾಗಿದೆ. ಚಿಯಾಂಗ್ ಮಾಯ್ ನಗರದ ಸುತ್ತ ಮರೆಗುಳಿ ರೋಗಕ್ಕೆ ತುತ್ತಾದ ಯುರೋಪಿನ ವೃದ್ಧರಿಗಾಗಿ ಆರೈಕೆಯ ಮನೆಗಳು ನಡೆಯುತ್ತಿವೆ. ಸ್ವದೇಶದಲ್ಲಿ ಒಬ್ಬ ದಾದಿ ಹಲವು ರೋಗಿಗಳನ್ನು ನೋಡಿಕೊಳ್ಳುವಷ್ಟು ವೆಚ್ಚದಲ್ಲಿ ಇಲ್ಲಿ ಒಬ್ಬ ರೋಗಿಗೆ ಹಗಲಿರುಳು ಒಬ್ಬೊಬ್ಬ ಸೇವಕಿ ಸಿಗುತ್ತಾಳೆ. ಕೈಹಿಡಿದು ನಡೆಸುವವರು ಸದಾ ಬಳಿಯಲ್ಲಿರುವುದು ರೋಗಿಗೆ ದೊಡ್ಡ ಸಮಾಧಾನ.

ಇನ್ನು ದೇಹದ ಮಾತು. ಬೆವರು ಆವಿಯಾದಾಗ ಮಾತ್ರ ಶರೀರ ತಂಪಾಗುತ್ತದೆ. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದರೆ ಬೆವರು ಹರಿಯುತ್ತದೆಯೇ ಹೊರತು ಬೇಗ ಆರುವುದಿಲ್ಲ. ವಯಸ್ಸಾದಂತೆ ಬೆವರುವ ಶಕ್ತಿ ಕುಗ್ಗುತ್ತದೆ, ಬಾಯಾರಿಕೆಯ ಅರಿವು ಮಂದವಾಗುತ್ತದೆ, ಮೂತ್ರಪಿಂಡಗಳು ನೀರನ್ನು ಹಿಡಿದಿಡುವಲ್ಲಿ ಸೋಲುತ್ತವೆ. ರಕ್ತದೊತ್ತಡಕ್ಕೆಂದು ಮೂತ್ರವರ್ಧಕ ಗುಳಿಗೆ ಸೇವಿಸುವವರಲ್ಲಿ ನೀರಿನೊಡನೆ ಉಪ್ಪಿನ ಅಂಶವೂ ಇಳಿದು ತಲೆಸುತ್ತು, ಮಂಕು, ಬೀಳುವಿಕೆ ಉಂಟಾಗಬಹುದು. ರಜೆಯಲ್ಲಿ ಎರಡು ವಾರ ಇದ್ದು ಬಂದಾಗ ಹಿತವೆನಿಸಿದ ಬಿಸಿಲು ಏಪ್ರಿಲ್ ತಿಂಗಳ ಬ್ಯಾಂಕಾಕಿನಲ್ಲಿ ಎಪ್ಪತ್ತೈದರ ಹೃದಯಕ್ಕೆ ಹಿತವಾಗಿರುವುದಿಲ್ಲ.

ತಂಪಾದ ಬೆಟ್ಟದ ಊರೆಂದು ಚಿಯಾಂಗ್ ಮಾಯ್‌ಗೆ ಹೋದರೆ ಅಲ್ಲಿ ಬೇರೊಂದು ತೊಂದರೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೊಲದ ಕೂಳೆಗೂ ಕಾಡಿಗೂ ಬೆಂಕಿ ಬೀಳುವುದರಿಂದ ಕಣಿವೆಯ ತುಂಬ ಹೊಗೆ ಕವಿಯುತ್ತದೆ. ಆ ದಿನಗಳಲ್ಲಿ ಜಗತ್ತಿನ ಅತ್ಯಂತ ಕಲುಷಿತ ನಗರಗಳ ಪಟ್ಟಿಯಲ್ಲಿ ಅದರ ಹೆಸರು ಮತ್ತೆ ಮತ್ತೆ ಬರುತ್ತದೆ. ದಮ್ಮು, ಹೃದ್ರೋಗ ಉಳ್ಳವರಿಗೆ ಆ ಸೂಕ್ಷ್ಮ ಕಣಗಳು ವಿಷಸಮಾನ. ಮಳೆಗಾಲದಲ್ಲಿ ಡೆಂಗಿಯ ಭಯವೂ ಉಂಟು.

ಇವೆಲ್ಲಕ್ಕೂ ಚಿಕಿತ್ಸೆ ಉಂಟಲ್ಲವೇ ಎಂದು ಕೇಳಬಹುದು. ಉಂಟು, ಆದರೆ ಅದಕ್ಕೆ ಹಣ ತೆರುವವರು ಯಾರು? 2002ರಲ್ಲಿ ಥಾಯ್ಲೆಂಡ್ ಜಾರಿಗೆ ತಂದ ಸರ್ವರಿಗೂ ಆರೋಗ್ಯ ಯೋಜನೆಯು ಜಗತ್ತಿನ ಮೆಚ್ಚುಗೆ ಗಳಿಸಿದೆ. ಅದು ಆ ದೇಶದ ಪ್ರಜೆಗಳಿಗಾಗಿ ಇರುವಂಥದು, ವಿದೇಶೀ ನಿವೃತ್ತರು ಅದರೊಳಗೆ ಬರುವುದಿಲ್ಲ. ಅಮೆರಿಕದ ವೃದ್ಧರಿಗಿರುವ ಮೆಡಿಕೇರ್ ಸೌಲಭ್ಯ ಗಡಿ ದಾಟಿದರೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿಯು ಥಾಯ್ಲೆಂಡಿನಲ್ಲಿ ನೆಲೆಸಿದವರಿಗೆ ವರ್ಷವರ್ಷವೂ ಏರುವುದಿಲ್ಲ. ನಮ್ಮ ದೇಶದಲ್ಲಿ 2024ರ ಅಕ್ಟೋಬರ್‌ನಿಂದ ಎಪ್ಪತ್ತು ದಾಟಿದ ಎಲ್ಲರಿಗೂ ವಿಸ್ತರಿಸಲಾದ ಆಯುಷ್ಮಾನ್ ಭಾರತ್ ಯೋಜನೆಯ ಐದು ಲಕ್ಷ ರೂಪಾಯಿಗಳ ಸೌಲಭ್ಯವೂ ಭಾರತದ ನೋಂದಾಯಿತ ಆಸ್ಪತ್ರೆಗಳಿಗಷ್ಟೇ ಸೀಮಿತ. ಉಳಿದುದು ಖಾಸಗಿ ವಿಮೆ. ಅದರ ಕಂತು ವಯಸ್ಸಿನೊಡನೆ ಏರುತ್ತದೆ, ಮೊದಲೇ ಇದ್ದ ಕಾಯಿಲೆಗಳನ್ನು ಹಲವು ವಿಮೆಗಳು ಹೊರಗಿಡುತ್ತವೆ, ಒಂದು ವಯಸ್ಸಿನ ಅನಂತರ ಹೊಸಬರನ್ನು ಸೇರಿಸಿಕೊಳ್ಳುವುದೇ ಇಲ್ಲ. ಅಗತ್ಯ ಹೆಚ್ಚಿದ ಕಾಲಕ್ಕೇ ಆಸರೆ ಕೈತಪ್ಪುತ್ತದೆ.

ರಾಜಾಜ್ಞೆಯೂ ಸ್ಥಿರವಲ್ಲ. ಮಲೇಷ್ಯಾ ದೇಶವು 2002ರಲ್ಲಿ ‘ನನ್ನ ಎರಡನೆಯ ಮನೆ’ ಎಂಬ ಯೋಜನೆಯಿಂದ ವಿದೇಶೀಯರನ್ನು ಆದರದಿಂದ ಕರೆಯಿತು. 2021ರಲ್ಲಿ ತಿಂಗಳ ಆದಾಯದ ಷರತ್ತನ್ನು 10,000 ರಿಂಗಿಟ್‌ಗಳಿಂದ 40,000 ರಿಂಗಿಟ್‌ಗಳಿಗೆ ಏರಿಸಿತು. 2024ರಲ್ಲಿ ನಿಯಮಗಳು ಮತ್ತೆ ಬದಲಾದವು. ಅತಿಥಿಯಾಗಿ ಇರುವವನು ಮನೆಯ ಯಜಮಾನನ ಮರ್ಜಿಯನ್ನು ನಂಬಿ ಇರಬೇಕಾಗುತ್ತದೆ. ಯೌವನದಲ್ಲಿ ಇದು ಸಣ್ಣ ಅನಾನುಕೂಲ, ಹಾಸಿಗೆ ಹಿಡಿದಾಗ ದೊಡ್ಡ ಸಂಕಟ.

ಇವೆಲ್ಲವುಗಳಿಗಿಂತ ಹೆಚ್ಚಿನ ಅಪಾಯವೊಂದಿದೆ; ಅದು ಒಂಟಿತನ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ವೈದ್ಯರಾದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಸಾರಿ ವರದಿ ಹೊರಡಿಸಿದರು. ಜನಸಂಪರ್ಕದ ಕೊರತೆಯು ಹೃದ್ರೋಗದ ಸಂಭವವನ್ನು ಶೇಕಡಾ 29ರಷ್ಟೂ ಪಾರ್ಶ್ವವಾಯುವಿನ ಸಂಭವವನ್ನು ಶೇಕಡಾ 32ರಷ್ಟೂ ಹೆಚ್ಚಿಸುತ್ತದೆ, ಅಕಾಲ ಮರಣದ ದೃಷ್ಟಿಯಿಂದ ಅದು ದಿನಕ್ಕೆ ಹದಿನೈದು ಸಿಗರೇಟು ಸೇದುವುದಕ್ಕೆ ಸಮಾನವಾಗಬಲ್ಲದು ಎಂದು ಅದರಲ್ಲಿ ಹೇಳಲಾಗಿದೆ. ಪರದೇಶದ ನಿವೃತ್ತನಿಗೆ ಗೆಳೆಯರು ಇಲ್ಲದಿಲ್ಲ. ಆದರೆ ಅವರೂ ಅವನಂತೆಯೇ ವೃದ್ಧರು. ಒಬ್ಬೊಬ್ಬರಾಗಿ ಊರಿಗೆ ಮರಳುತ್ತಾರೆ, ಇಲ್ಲವೇ ತೀರಿಕೊಳ್ಳುತ್ತಾರೆ. ದಂಪತಿಗಳಲ್ಲಿ ಒಬ್ಬರು ಅಗಲಿದಾಗ ಉಳಿದವರ ಪಾಡು ಊಹಿಸಬಹುದು.

ಭಾಷೆಯ ವಿಷಯವೂ ಇಲ್ಲಿಯೇ ಬರುತ್ತದೆ. ಮರೆಗುಳಿ ರೋಗ ಬಲಿತಾಗ ಅನೇಕರಲ್ಲಿ ತಡವಾಗಿ ಕಲಿತ ಭಾಷೆ ಮೊದಲು ಅಳಿಸಿಹೋಗಿ ತಾಯ್ನುಡಿಯೊಂದೇ ಉಳಿಯುತ್ತದೆ. ನೋವು ಎಲ್ಲಿದೆಯೆಂದು ಹೇಳಲು ಕನ್ನಡವೊಂದೇ ಉಳಿದಿರುವ ತಾಯಿಗೆ, ಕನ್ನಡ ತಿಳಿಯದ ಸೇವಕಿ ಎಷ್ಟೇ ಕರುಣಾಮಯಿಯಾಗಿದ್ದರೂ ಅರ್ಧ ಸೇವೆಯನ್ನಷ್ಟೇ ಮಾಡಬಲ್ಲಳು. ಅಲ್ಲಿನ ಬಹುತೇಕ ಅಡುಗೆಗಳಲ್ಲಿ ಮೀನಿನ ರಸ ಬೆರೆಯುವುದರಿಂದ ಶಾಕಾಹಾರಿಯಾದ ಹಿರಿಯರ ಊಟವೂ ದಿನನಿತ್ಯದ ಚಿಂತೆಯಾಗುತ್ತದೆ. ಲಿಂಗೈಕ್ಯರಾದ ಮೇಲಿನ ವಿಧಿಯನ್ನೂ ಮರೆಯುವಂತಿಲ್ಲ. ಬೌದ್ಧರ ಆ ನಾಡಿನಲ್ಲಿ ದಹನವೇ ರೂಢಿ, ನಮ್ಮದು ಸಮಾಧಿಯ ಸಂಪ್ರದಾಯ.

ಮತ್ತೊಂದು ನೈತಿಕ ಪ್ರಶ್ನೆ ಉಳಿದಿದೆ. ವಿದೇಶೀ ವೃದ್ಧರ ಸೇವೆಗೆ ಬರುವ ಹೆಣ್ಣುಮಕ್ಕಳಲ್ಲಿ ಹಲವರು ಬಡ ಹಳ್ಳಿಗಳಲ್ಲಿ ತಮ್ಮ ತಂದೆತಾಯಿಗಳನ್ನು ಬಿಟ್ಟು ಬಂದವರು. ಥಾಯ್ಲೆಂಡ್ ತಾನೇ ವೇಗವಾಗಿ ವೃದ್ಧವಾಗುತ್ತಿರುವ ದೇಶ. ಒಬ್ಬರ ತಾಯಿಗೆ ದೊರೆತ ಆರೈಕೆ ಇನ್ನೊಬ್ಬರ ತಾಯಿಗೆ ತಪ್ಪಿದ ಆರೈಕೆಯಾಗಬಾರದು. ದಾಸೋಹದ ತತ್ತ್ವವನ್ನು ಒಪ್ಪಿದ ನಾವು ಸೇವೆಯನ್ನು ಕೊಳ್ಳುವಾಗಲೂ ಆ ಸೇವಕರ ಕ್ಷೇಮವನ್ನು ವಿಚಾರಿಸಬೇಕು.

ಹಾಗಾದರೆ ಹೋಗಲೇಬಾರದೇ? ಹಾಗೆ ನಿಷೇಧ ಹೇಳುವುದು ಈ ಲೇಖನದ ಉದ್ದೇಶವಲ್ಲ. ಮಕ್ಕಳು ಅಲ್ಲಿಯೇ ಇದ್ದರೆ ಅವರ ಜೊತೆಗಿರುವುದೇ ಉತ್ತಮವಾಗಬಹುದು. ನಿರ್ಧರಿಸುವ ಮೊದಲು ಹೊಗೆಯ ತಿಂಗಳನ್ನೂ ಮಳೆಗಾಲವನ್ನೂ ಅಲ್ಲಿ ಕಳೆದು ನೋಡಬೇಕು. ವಿಮೆಯ ಷರತ್ತುಗಳನ್ನು ಎಂಬತ್ತರ ವಯಸ್ಸಿನವರೆಗೆ ಓದಿ ತಿಳಿಯಬೇಕು. ಊರಿನ ಮನೆಯನ್ನು ಒಮ್ಮೆಲೇ ಮಾರಿಬಿಡಬಾರದು. ತಾವು ಎದ್ದು ನಡೆಯಲಾರದ ದಿನ ಬಾಗಿಲು ತೆರೆದು ಒಳಗೆ ಬರುವವರು ಯಾರೆಂಬುದನ್ನು ಹೆಸರಿಟ್ಟು ಹೇಳಲು ಸಾಧ್ಯವಾಗಬೇಕು. ಆ ಹೆಸರು ದೊರೆಯದಿದ್ದರೆ ಊರು ಎಷ್ಟು ಅಗ್ಗವಾದರೂ ಹೋಗದಿರುವುದೇ ಲೇಸು.

ಶರಣರು ಬೋಧಿಸಿದ ಕಾಯಕಕ್ಕೆ ನಿವೃತ್ತಿಯ ವಯಸ್ಸಿಲ್ಲ. ನೌಕರಿಯಿಂದ ನಿವೃತ್ತಿ ಉಂಟು. ಇಷ್ಟಲಿಂಗ ಪೂಜೆ, ಅಂಗಳದ ಹೂಗಿಡ, ನೆರೆಮನೆಯ ಮಗುವಿಗೆ ಹೇಳಿಕೊಡುವ ಪಾಠ, ದಾಸೋಹದಲ್ಲಿ ತರಕಾರಿ ಹೆಚ್ಚುವ ಕೆಲಸ ಇವುಗಳಿಂದ ನಿವೃತ್ತಿ ಇಲ್ಲ. ಬೆಳಿಗ್ಗೆ ಏಳಲು ಕಾರಣವಿರುವ ಹಿರಿಯರು, ತಾವು ಬಾರದಿದ್ದರೆ ವಿಚಾರಿಸಿಕೊಳ್ಳುವವರಿರುವ ಹಿರಿಯರು ಆರೋಗ್ಯದಿಂದ ಬಾಳುವ ಸಂಭವ ಹೆಚ್ಚು. ಇದು ಚಿಯಾಂಗ್ ಮಾಯ್‌ನಲ್ಲಿ ದೊರೆತರೂ ಸರಿಯೇ, ಚಿತ್ರದುರ್ಗದಲ್ಲಿ ದೊರೆತರೂ ಸರಿಯೇ.

ದೂರದೇಶಗಳಿಗೆ ಹೋಗದ ನಮ್ಮ ಊರುಗಳಲ್ಲಿಯೂ ಬೀಗ ಹಾಕಿದ ದೊಡ್ಡ ಮನೆಯ ಒಂದು ಕೋಣೆಯಲ್ಲಿ ಒಂಟಿಯಾಗಿರುವ ತಂದೆತಾಯಿಗಳಿದ್ದಾರೆ. ಭಕ್ತರು ಈ ತಿಂಗಳು ತಮ್ಮ ಬೀದಿಯ ಅಂತಹ ಒಬ್ಬ ಹಿರಿಯರ ಬಾಗಿಲು ತಟ್ಟಿ, ಗುಳಿಗೆ ತೆಗೆದುಕೊಂಡಿರಾ, ನೀರು ಕುಡಿದಿರಾ ಎಂದು ಕೇಳಲಿ. ಪರಸ್ಥಳದಲ್ಲಿರುವ ಮಕ್ಕಳು ಹೆತ್ತವರನ್ನು ಎಲ್ಲಿ ಇರಿಸಬೇಕೆಂದು ತಾವೇ ತೀರ್ಮಾನಿಸುವ ಮುನ್ನ, ಅವರಿಗೆ ಎಲ್ಲಿ ಇರಬೇಕೆನಿಸಿದೆ ಎಂದು ಅವರ ಬಳಿ ಕುಳಿತು ಕೇಳಲಿ.