ಊರಿಗೆ ಹೋಗುವ ತಿಂಗಳು ಯಾವುದು?



ಪರ್ತ್, ಬ್ರಿಸ್ಬೇನ್ ಮತ್ತು ಅಡಿಲೇಡ್ ನಗರಗಳಲ್ಲಿ ನೆಲೆಸಿರುವ ನಮ್ಮ ಬಹುಪಾಲು ಕುಟುಂಬಗಳಿಗೆ ತಾಯ್ನಾಡಿನ ಯಾತ್ರೆಯೆಂದರೆ ಡಿಸೆಂಬರ್ ಯಾತ್ರೆ. ಶಾಲೆಗಳಿಗೆ ಸುಮಾರು ಆರು ವಾರಗಳ ದೀರ್ಘ ರಜೆ ದೊರೆಯುವುದು ಆಗಲೇ. ಕಚೇರಿಗಳೂ ಹೆಚ್ಚುಕಡಿಮೆ ಮುಚ್ಚಿರುವುದು ಆಗಲೇ. ಆದ್ದರಿಂದ ಈ ಆಯ್ಕೆಯನ್ನು ಯಾರೂ ಆಕ್ಷೇಪಿಸಲಾರರು. ಆದರೆ ಒಂದು ಸಣ್ಣ ಲೆಕ್ಕವನ್ನು ಓದುಗರ ಮುಂದಿಡುವುದು ಅಗತ್ಯವೆಂದು ನಮಗೆ ತೋರಿದೆ. ಮಗುವೊಂದು ಶಾಲೆಗೆ ಸೇರಿದ ವರ್ಷದಿಂದ ಹನ್ನೆರಡನೆಯ ತರಗತಿ ಮುಗಿಸುವವರೆಗೆ ಹದಿಮೂರು ವರ್ಷ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವ ಕುಟುಂಬಕ್ಕೆ ಈ ಅವಧಿಯಲ್ಲಿ ಸಿಗುವುದು ಆರು ಯಾತ್ರೆಗಳು, ಹೆಚ್ಚೆಂದರೆ ಏಳು. ಆ ಆರನ್ನೂ ಡಿಸೆಂಬರಿಗೇ ಕೊಟ್ಟರೆ, ಮಗುವು ಕಂಡ ಕರ್ನಾಟಕಕ್ಕೆ ಮಳೆಯೇ ಇರುವುದಿಲ್ಲ, ಯುಗಾದಿಯ ಬೇವಿನ ಹೂವಿರುವುದಿಲ್ಲ, ದಸರೆಯ ಗೊಂಬೆಗಳಿರುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಡಿಸೆಂಬರ್ ಮಧ್ಯಭಾಗದಿಂದ ಸಂಕ್ರಾಂತಿಯವರೆಗಿನ ಕಾಲ ಧನುರ್ಮಾಸ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಮದುವೆ, ಗೃಹಪ್ರವೇಶಗಳನ್ನು ಆಗ ಇಟ್ಟುಕೊಳ್ಳುವುದಿಲ್ಲ. ಹೀಗಾಗಿ ಬಂಧುಬಳಗವನ್ನೆಲ್ಲ ಒಂದೇ ಚಪ್ಪರದಡಿ ಕಾಣುವ ಅವಕಾಶವೂ ಕೈತಪ್ಪಿ, ರಜೆಯು ಬಟ್ಟೆ ಅಂಗಡಿ, ದಂತವೈದ್ಯರು ಮತ್ತು ಬ್ಯಾಂಕಿನ ಕೆಲಸಗಳಲ್ಲಿ ಕರಗಿಹೋಗುತ್ತದೆ. ಯಾತ್ರೆಯನ್ನು ರಜೆಯೇ ನಿರ್ಧರಿಸುವುದಕ್ಕೆ ಬದಲಾಗಿ ಪಂಚಾಂಗ ಮತ್ತು ಶಾಲಾ ವೇಳಾಪಟ್ಟಿ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ತಿಂಗಳನ್ನು ಆರಿಸಬೇಕು, ಆ ತಿಂಗಳು ಬೇಡುವ ಊರಿಗೆ ಹೋಗಬೇಕು ಎಂಬುದು ನಮ್ಮ ಅಭಿಪ್ರಾಯ.

ಆಸ್ಟ್ರೇಲಿಯಾದ ಶಾಲೆಗಳಿಗೆ ವರ್ಷದಲ್ಲಿ ನಾಲ್ಕು ಬಿಡುವುಗಳಿವೆ: ಏಪ್ರಿಲ್ ಆಸುಪಾಸಿನಲ್ಲಿ ಎರಡು ವಾರ, ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ ಎರಡು ವಾರ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗದೊಳಗೆ ಎರಡು ವಾರ, ಹಾಗೂ ಬೇಸಿಗೆಯ ದೀರ್ಘ ರಜೆ. ಕ್ವೀನ್ಸ್‌ಲ್ಯಾಂಡ್, ದಕ್ಷಿಣ ಆಸ್ಟ್ರೇಲಿಯಾ ಮತ್ತು ಪಶ್ಚಿಮ ಆಸ್ಟ್ರೇಲಿಯಾಗಳ ದಿನಾಂಕಗಳು ಒಂದೇ ಅಲ್ಲ. ಒಂದು ವಾರದ ವ್ಯತ್ಯಾಸವೂ ಇಲ್ಲಿ ದೊಡ್ಡದು. 2025ರ ಮೈಸೂರು ದಸರೆಯನ್ನೇ ನೋಡಿ. ಆ ವರ್ಷದ ಉತ್ಸವ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ ನಡೆಯಿತು. ಬ್ರಿಸ್ಬೇನಿನ ಮಕ್ಕಳ ರಜೆಯೊಳಗೆ ಇಡೀ ಉತ್ಸವ ಸೇರಿತ್ತು. ಪರ್ತ್ ಮತ್ತು ಅಡಿಲೇಡಿನ ಮಕ್ಕಳಿಗೆ ಕೊನೆಯ ಕೆಲವು ದಿನಗಳು ಮಾತ್ರ ದಕ್ಕುವಂತಿದ್ದವು. 2026ರ ವಿಜಯದಶಮಿ ಅಕ್ಟೋಬರ್ 20ರ ಆಸುಪಾಸಿಗೆ ಬೀಳುವುದರಿಂದ ಮೂರೂ ನಗರಗಳ ಶಾಲೆಗಳು ಅಷ್ಟರಲ್ಲಿ ತೆರೆದಿರುತ್ತವೆ.

ಹಬ್ಬಗಳು ಹೀಗೆ ಸರಿದಾಡುವುದರ ಹಿಂದೆ ಒಂದು ಕ್ರಮವಿದೆ. ಹನ್ನೆರಡು ಚಾಂದ್ರಮಾಸಗಳು ಕೂಡಿದರೆ ಸುಮಾರು 354 ದಿನಗಳು. ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಆದ್ದರಿಂದ ಹಬ್ಬಗಳು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತವೆ. ಸುಮಾರು ಮೂವತ್ತೆರಡು, ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಜಿಗಿಯುತ್ತವೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದಲೇ ದಸರೆ ಅಷ್ಟು ತಡ, 2027ರ ಯುಗಾದಿ ಏಪ್ರಿಲ್ 7ರಷ್ಟು ತಡ. ಈ ಓಟವನ್ನು ಬಲ್ಲವರು ಮೂರು ವರ್ಷ ಮುಂಚಿತವಾಗಿಯೇ ಯಾವ ರಜೆಗೆ ಯಾವ ಹಬ್ಬ ಸಿಗುವುದೆಂದು ಗುರುತಿಸಬಹುದು.

ಮೊದಲಿಗೆ ಡಿಸೆಂಬರ್ ಮತ್ತು ಜನವರಿ. ಹೋಗುವುದೇ ಆದರೆ ಈ ತಿಂಗಳುಗಳಿಗೆ ತಕ್ಕ ಊರುಗಳಿಗೆ ಹೋಗೋಣ. ಎಳ್ಳಮಾವಾಸ್ಯೆಯಂದು ಉತ್ತರ ಕರ್ನಾಟಕದ ರೈತ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತವೆ. ಸಜ್ಜೆಯ ರೊಟ್ಟಿಯನ್ನು ಜೋಳದ ಬೆಳೆಯ ನಡುವೆ ಕುಳಿತು ತಿಂದ ಮಗುವಿಗೆ ಕೃಷಿಯ ಬಗ್ಗೆ ಬೇರೆ ಪಾಠ ಬೇಕಿಲ್ಲ. ಡಿಸೆಂಬರ್ 29 ಕುವೆಂಪು ಅವರ ಜನ್ಮದಿನ. ಕುಪ್ಪಳಿಯ ಕವಿಮನೆ ಮತ್ತು ಕವಿಶೈಲಗಳಿಗೆ ಅದು ಸಹಜವಾದ ದಿನ. ಸಂಕ್ರಾಂತಿಯಂದು ಮೈಸೂರು, ಮಂಡ್ಯದ ಹಳ್ಳಿಗಳಲ್ಲಿ ದನಗಳನ್ನು ಸಿಂಗರಿಸಿ ಕಿಚ್ಚು ಹಾಯಿಸುತ್ತಾರೆ. ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ಕೂಡುತ್ತದೆ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಬಾದಾಮಿಯ ಬಳಿ ವೃತ್ತಿ ನಾಟಕ ಕಂಪನಿಗಳು ಬೀಡುಬಿಟ್ಟು ವಾರಗಟ್ಟಲೆ ರಾತ್ರಿ ನಾಟಕವಾಡುತ್ತವೆ. ಉಡುಪಿಯ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುತ್ತದೆ. 2026ರದು ಮುಗಿದಿದ್ದು, ಮುಂದಿನದು 2028ರಲ್ಲಿ. ಇವೆಲ್ಲವೂ ನಮ್ಮ ಶಾಲಾ ರಜೆಯೊಳಗೆ ಅಥವಾ ಅದರ ಅಂಚಿನಲ್ಲಿಯೇ ಇವೆ. ಆದರೂ ನಮ್ಮ ಎಷ್ಟು ಮಕ್ಕಳು ಇವುಗಳಲ್ಲಿ ಒಂದನ್ನಾದರೂ ಕಂಡಿದ್ದಾರೆ?

ಏಪ್ರಿಲ್ ರಜೆಯು ಬೆಂಗಳೂರಿನ ರಜೆ. ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವ ವಾರಗಟ್ಟಲೆ ಸಾಗುತ್ತದೆ. ಕೋಸಂಬರಿ, ಪಾನಕದೊಡನೆ ದೊಡ್ಡ ವಿದ್ವಾಂಸರ ಕಛೇರಿಯನ್ನು ಕೇಳುವ ಅವಕಾಶ ಅಲ್ಲುಂಟು. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗವು ಮಸ್ತಾನ್ ಸಾಹೇಬರ ದರ್ಗಾವನ್ನು ಹೊಕ್ಕು ಮುಂದೆ ಸಾಗುವುದನ್ನು ಬೆಳೆದ ಮಕ್ಕಳು ಒಮ್ಮೆಯಾದರೂ ಕಾಣಬೇಕು. ಇದೇ ರಜೆಯಲ್ಲಿ ಹಂಪಿ ಅಥವಾ ಕಲಬುರಗಿಗೆ ಹೊರಡುವುದನ್ನು ವೈದ್ಯರಾಗಿ ನಾವು ಒಪ್ಪಲಾರೆವು. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಕಾದ ಬಂಡೆಗಳ ನಡುವೆ ಪುಟ್ಟ ಮಕ್ಕಳನ್ನೂ ಎಂಬತ್ತು ದಾಟಿದ ಅಜ್ಜಿಯರನ್ನೂ ನಡೆಸುವುದು ಸಂಸ್ಕೃತಿ ದರ್ಶನವಾಗದು.

ಜುಲೈ ರಜೆಯನ್ನು ನಮ್ಮವರು ಬಹುತೇಕ ಬಿಟ್ಟೇಬಿಡುತ್ತಾರೆ. ಮಳೆ, ಆಷಾಢ ಎಂಬ ಕಾರಣಗಳನ್ನು ಮುಂದಿಡುತ್ತಾರೆ. ನಮಗಾದರೋ ಅದೇ ಅತ್ಯಂತ ಬೆಲೆಯುಳ್ಳ ರಜೆ. ಕನ್ನಡದ ಎಷ್ಟೋ ಕಥೆ, ಕಾವ್ಯಗಳು ಮಲೆನಾಡಿನ ಮಳೆಯಲ್ಲಿ ಹುಟ್ಟಿದವು. ಆ ಮಳೆಯನ್ನು ಕೇಳದೆ ಅವುಗಳನ್ನು ಓದುವುದು ಕಷ್ಟ. 253 ಮೀಟರ್ ಎತ್ತರದ ಜೋಗ ತುಂಬಿ ಧುಮುಕುವುದು ಆಗಲೇ. ಡಿಸೆಂಬರಿನಲ್ಲಿ ಹೋದವರು ಹೆಚ್ಚಾಗಿ ಕಾಣುವುದು ಬಂಡೆಯನ್ನು. ಕರಾವಳಿಯಲ್ಲಿ ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಚಿಕ್ಕಮೇಳದ ಕಲಾವಿದರು ಮನೆಯಿಂದ ಮನೆಗೆ ಬಂದು ಜಗಲಿಯಲ್ಲಿಯೇ ಪ್ರಸಂಗದ ತುಣುಕನ್ನು ಆಡಿ ತೋರಿಸುತ್ತಾರೆ. ಅಧಿಕ ಮಾಸದ ಕೆಲವು ವರ್ಷಗಳಲ್ಲಿ ಎತ್ತುಗಳ ಕಾರಹುಣ್ಣಿಮೆ ಜೂನ್ ಕೊನೆಗೂ, ಮಕ್ಕಳು ಮಣ್ಣಿನ ಎತ್ತು ಮಾಡುವ ಮಣ್ಣೆತ್ತಿನ ಅಮಾವಾಸ್ಯೆ ಜುಲೈ ಮಧ್ಯಕ್ಕೂ ಸರಿಯುತ್ತವೆ. ಅಧಿಕ ಮಾಸವಿಲ್ಲದ ಇಸ್ಲಾಮೀ ಪಂಚಾಂಗದ ಮೊಹರಂ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2026ರಲ್ಲಿ ಅದು ಜೂನ್ ಕೊನೆಯ ವಾರದಲ್ಲಿದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರು ಕೂಡಿ ನಡೆಸುವ ಅಲಾಯಿ ಕುಣಿತವನ್ನು ನೋಡಿದ ಮಕ್ಕಳು ನಾಡಿನ ಕೂಡುಬಾಳನ್ನು ಕುರಿತ ಭಾಷಣಕ್ಕೆ ಕಾಯಬೇಕಿಲ್ಲ.

ಸೆಪ್ಟೆಂಬರ್, ಅಕ್ಟೋಬರ್ ರಜೆಯು ದಸರೆ ಮೊದಲೇ ಬಂದ ವರ್ಷಗಳಲ್ಲಿ ಮೈಸೂರಿನದು, ಮಡಿಕೇರಿಯದು, ಮಂಗಳೂರಿನದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಪರಂಪರೆಯನ್ನು ಜಂಬೂಸವಾರಿಯ ಒಂದು ದಿನಕ್ಕೆ ಇಳಿಸದೆ, ಅಜ್ಜಿಯ ಮನೆಯ ಗೊಂಬೆಗಳ ಹಂತ ಜೋಡಿಸುವುದರಿಂದ ಆರಂಭಿಸಿದರೆ ಒಳಿತು. ದಸರೆ ತಡವಾದ ವರ್ಷಗಳಲ್ಲಿ ಹೊಯ್ಸಳರ ನಾಡಿಗೆ ಹೋಗಬಹುದು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಮಳೆ ತಗ್ಗಿ ಬಿಸಿಲು ಏರದ ಆ ದಿನಗಳಲ್ಲಿ ಬರಿಗಾಲಿನಲ್ಲಿ ಜಗತಿಯನ್ನು ಸುತ್ತುವುದೂ ಹಿತ.

ಉಳಿದ ತಿಂಗಳುಗಳು ಶಾಲೆಯ ತಿಂಗಳುಗಳು. ಇನ್ನೂ ಶಾಲೆಗೆ ಸೇರದ ಮಕ್ಕಳಿರುವ ತರುಣ ದಂಪತಿಗಳಿಗೆ ಮತ್ತು ನಿವೃತ್ತರಿಗೆ ನಮ್ಮ ಬಿನ್ನಹವೆಂದರೆ, ಇವನ್ನು ಈಗಲೇ ಬಳಸಿಕೊಳ್ಳಿ. ಫೆಬ್ರವರಿಯಲ್ಲಿ ಕರಾವಳಿಯ ಕಂಬಳ ಮತ್ತು ಯಕ್ಷಗಾನ, ಮಾರ್ಚಿನಲ್ಲಿ ಬಾಗಲಕೋಟೆಯ ಹೋಳಿ ಅಥವಾ ಮೇಲುಕೋಟೆಯ ವೈರಮುಡಿ, ಮೇ ತಿಂಗಳಲ್ಲಿ ಮಾವಿನ ತೋಪಿನ ಅಜ್ಜನ ಮನೆ, ಆಗಸ್ಟಿನಲ್ಲಿ ಪಂಚಮಿಯ ಜೋಕಾಲಿ ಮತ್ತು ಉಂಡೆ, ನವೆಂಬರಿನಲ್ಲಿ ರಾಜ್ಯೋತ್ಸವ ಹಾಗೂ ಧರ್ಮಸ್ಥಳದ ಲಕ್ಷದೀಪೋತ್ಸವ, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಇವು ಯಾವುವೂ ನಮ್ಮ ಶಾಲೆಯ ಗಂಟೆಗೆ ಕಾಯುವುದಿಲ್ಲ.

ವೈದ್ಯರಾಗಿ ಕೆಲವು ಮಾತುಗಳನ್ನು ಸೇರಿಸಲೇಬೇಕು. ಪರದೇಶಕ್ಕೆ ಪ್ರವಾಸ ಹೋಗುವವರು ಲಸಿಕೆ ಹಾಕಿಸಿಕೊಳ್ಳುತ್ತಾರೆ. ತವರಿಗೆ ಹೋಗುವವರು 'ನಮ್ಮೂರಿಗೆ ಹೋಗಲು ಲಸಿಕೆ ಏಕೆ?' ಎಂದು ಬಿಡುತ್ತಾರೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳ ದೇಹಕ್ಕೆ ಅದು ಹೊಸ ಊರೇ. ಹೊರಡುವ ಆರರಿಂದ ಎಂಟು ವಾರ ಮೊದಲು ಕುಟುಂಬ ವೈದ್ಯರನ್ನು ಕಂಡು ಟೈಫಾಯಿಡ್, ಹೆಪಟೈಟಿಸ್ ಎ ಮತ್ತು ದಡಾರ ಲಸಿಕೆಗಳ ಬಗ್ಗೆ ವಿಚಾರಿಸಿ. ಮಳೆಗಾಲದಲ್ಲಿ ಡೆಂಗಿ ಹೆಚ್ಚುತ್ತದೆ; ಅದರ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ರಾತ್ರಿಯ ಸೊಳ್ಳೆಪರದೆಯೊಂದೇ ಸಾಲದು. ಡಿಸೆಂಬರಿನಿಂದ ಮೇವರೆಗೆ ಮಲೆನಾಡಿನ ಕಾಡಂಚಿನಲ್ಲಿ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಿದ ಈ ರೋಗಕ್ಕೆ ಆ ಕಾಡಿನ ಹೆಸರೇ ಇದೆ. ಕುಪ್ಪಳಿಗೆ ಹೋಗಬೇಡಿರೆಂದು ನಾವು ಹೇಳುತ್ತಿಲ್ಲ. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಇಳಿಯಬೇಡಿ, ಕಾಲು ಮುಚ್ಚುವ ಉಡುಪು ಧರಿಸಿ, ಮರಳಿದ ಮೇಲೆ ಮಕ್ಕಳ ಮೈ ಪರೀಕ್ಷಿಸಿ ಎನ್ನುತ್ತೇವೆ.

ಎದುರು ವಾದಗಳನ್ನು ನಾವು ಬಲ್ಲೆವು. ಎರಡು ವಾರದ ರಜೆಗೆ ಅಷ್ಟು ದೂರದ ಪ್ರಯಾಣವೇ, ಸಿಂಗಪುರದಲ್ಲೋ ಕ್ವಾಲಾಲಂಪುರದಲ್ಲೋ ವಿಮಾನ ಬದಲಿಸಿ ತಲುಪುವಷ್ಟರಲ್ಲಿ ಎರಡು ದಿನ ಕಳೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕಳೆಯುತ್ತವೆ. ಆದರೆ ಡಿಸೆಂಬರಿನ ಟಿಕೆಟ್ ದರ ನಾಲ್ವರ ಕುಟುಂಬಕ್ಕೆ ಏನೆಂಬುದನ್ನೂ ಎಲ್ಲರೂ ಬಲ್ಲರು. ಆರು ವಾರಗಳಲ್ಲಿ ಎಂಟು ಜಿಲ್ಲೆ ಓಡಾಡಿ ದಣಿಯುವುದಕ್ಕಿಂತ ಹತ್ತು ದಿನ ಒಂದೇ ಊರಿನಲ್ಲಿ ಕುಳಿತು ಒಂದೇ ಹಬ್ಬವನ್ನು ಆರಂಭದಿಂದ ಕೊನೆಯವರೆಗೆ ಕಾಣುವುದು ಮಗುವಿನ ನೆನಪಿಗೆ ಹೆಚ್ಚು ಒಳ್ಳೆಯದೆಂದು ನಮ್ಮ ನಂಬಿಕೆ. ಎಲ್ಲ ಯಾತ್ರೆಗಳನ್ನೂ ಬದಲಿಸಬೇಕಿಲ್ಲ. ಆರರಲ್ಲಿ ಮೂರನ್ನು ಡಿಸೆಂಬರಿಗೆ ಬಿಟ್ಟು, ಉಳಿದ ಮೂರನ್ನು ಏಪ್ರಿಲ್, ಜುಲೈ ಮತ್ತು ದಸರೆಗೆ ಹಂಚಿದರೆ ಸಾಕು.

ಇದೇ ಕಣ್ಣನ್ನು ನಾವು ಬದುಕುತ್ತಿರುವ ನೆಲಕ್ಕೂ ತೆರೆಯಬೇಕು. ಪರ್ತ್ ನಗರವಿರುವ ನೆಲದ ನೂಂಗಾರ್ ಜನರು ವರ್ಷವನ್ನು ಬಿರಾಕ್, ಬುನುರು, ಜೆರಾನ್, ಮಕುರು, ಜಿಲ್ಬಾ, ಕಂಬರಾಂಗ್ ಎಂದು ಆರು ಋತುಗಳಾಗಿ ವಿಂಗಡಿಸುತ್ತಾರೆ. ಷಡೃತುಗಳ ನಾಡಿನಿಂದ ಬಂದ ನಮಗೆ ಇದು ಎಷ್ಟು ಹತ್ತಿರದ ಎಣಿಕೆ! ಬ್ರಿಸ್ಬೇನಿನ ವಾಯವ್ಯಕ್ಕಿರುವ ಬುನ್ಯಾ ಬೆಟ್ಟಗಳಲ್ಲಿ, ಬುನ್ಯಾ ಮರಗಳು ಯಥೇಚ್ಛವಾಗಿ ಕಾಯಿ ಬಿಟ್ಟ ವರ್ಷ, ಅಂದರೆ ಸುಮಾರು ಮೂರು ವರ್ಷಕ್ಕೊಮ್ಮೆ, ಮೂಲನಿವಾಸಿ ಸಮುದಾಯಗಳು ದೂರದೂರದಿಂದ ನಡೆದು ಬಂದು ಸೇರುತ್ತಿದ್ದವು. ನಮ್ಮ ಜಾತ್ರೆಗಳಿಗೆ ಅದು ನೆಂಟ. ಅಡಿಲೇಡಿನ ಬೆಟ್ಟಗಳಲ್ಲಿರುವ ಹಾನ್‌ಡಾರ್ಫ್ 1839ರಲ್ಲಿ ಜರ್ಮನ್ ವಲಸಿಗರು ಕಟ್ಟಿದ ಊರು. ಮೊದಲ ಮಹಾಯುದ್ಧದ ಕಾಲದಲ್ಲಿ ಅದರ ಹೆಸರನ್ನೇ ಸರಕಾರ ಅಳಿಸಿತು. 1935ರಲ್ಲಿ ಹಳೆಯ ಹೆಸರು ಮರಳಿತು. ಭಾಷೆಯನ್ನು ಹೊತ್ತು ವಲಸೆ ಬಂದವರೆಲ್ಲ ಮಕ್ಕಳೊಡನೆ ಒಮ್ಮೆ ಆ ಬೀದಿಯಲ್ಲಿ ನಡೆಯಬೇಕು.

ಕೊನೆಯದಾಗಿ ಹೇಳಲೇಬೇಕಾದುದು ಹಿರಿಯರ ವಿಚಾರ. ಜಾತ್ರೆಗಳು ಮುಂದಿನ ವರ್ಷವೂ ಬರುತ್ತವೆ. ಮೊಮ್ಮಗನ ಕೈಹಿಡಿದು ಜಾತ್ರೆ ಸುತ್ತುವ ಅಜ್ಜನ ಮೊಣಕಾಲಿಗೆ ಆ ಭರವಸೆಯಿಲ್ಲ. ಮಂಡಿನೋವು, ಸಕ್ಕರೆ ಕಾಯಿಲೆ, ಮರೆವು ಇವು ಒಂದೆರಡು ವರ್ಷಗಳಲ್ಲಿ ಹಿರಿಯರ ಓಡಾಟವನ್ನು ಎಷ್ಟು ಕುಗ್ಗಿಸುತ್ತವೆಂಬುದನ್ನು ನಾವು ವೃತ್ತಿಯಲ್ಲಿ ನಿತ್ಯ ಕಾಣುತ್ತೇವೆ. ಆರು ಯಾತ್ರೆಗಳಲ್ಲಿ ಅವರೊಡನೆ ನಡೆಯಬಹುದಾದವು ಎರಡೋ ಮೂರೋ ಇರಬಹುದು. ಆದ್ದರಿಂದ ಮುಂದಿನ ಟಿಕೆಟ್ ಕಾದಿರಿಸುವ ಮುನ್ನ ಊರಿಗೊಂದು ಫೋನ್ ಮಾಡಿ, 'ನೀವು ಚಿಕ್ಕವರಿದ್ದಾಗ ವರ್ಷವೆಲ್ಲ ಕಾಯುತ್ತಿದ್ದುದು ಯಾವ ಹಬ್ಬಕ್ಕೆ?' ಎಂದು ಹಿರಿಯರನ್ನು ಕೇಳಿ. ಅವರು ಹೇಳಿದ ತಿಂಗಳನ್ನು ಶಾಲಾ ವೇಳಾಪಟ್ಟಿಯ ಪಕ್ಕದಲ್ಲಿ ಬರೆದಿಡಿ. ನಿಮ್ಮ ಊರಿನ ಜಾತ್ರೆ, ತೇರು, ಉರುಸುಗಳ ಹೆಸರನ್ನೂ ತಿಂಗಳನ್ನೂ ನಮಗೆ ಬರೆದು ಕಳುಹಿಸಿದರೆ, ಮೂರೂ ನಗರಗಳ ಕುಟುಂಬಗಳಿಗೆ ಉಪಯೋಗವಾಗುವಂತೆ ಒಂದು ಪಟ್ಟಿಯನ್ನು ಸಿದ್ಧಪಡಿಸಲು ನಾವು ಸಿದ್ಧರಿದ್ದೇವೆ.